ಜಗತ್ಕರ್ತೃವಾದವೂ ಜಿನಸೇನರ ಆದಿಪುರಾಣವೂ

೧

ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ, ಕಥೆಯು ಇನ್ನೂ ಹೆಜ್ಜೆಯಿಡುವದಕ್ಕೆ ಮೊದಲೇ, ಜಗತ್ತಿಗೊಬ್ಬ ಕರ್ತನುಂಟೆಂಬ ಮತವನ್ನು ನಿರಾಕರಿಸುವ ಒಂದು ಪ್ರಕರಣವು ಬಂದಿದೆ. ಕಾವ್ಯಾಸ್ವಾದಕ್ಕಾಗಿ ಪುರಾಣವನ್ನು ಕೈಕೊಳ್ಳುವವರು ಇದನ್ನು ಶುಷ್ಕತರ್ಕವೆಂದು ದಾಟಿಹೋಗುವರು. ತರ್ಕವನ್ನೇ ವ್ಯಾಸಂಗವಾಗಿ ಉಳ್ಳವರು ಇದು ಪುರಾಣದೊಳಗಣ ಮಾತೆಂದು ಲೆಕ್ಕಕ್ಕೆ ತಾರರು. ಹೀಗೆ ಎರಡು ಮನೆಗಳ ನಂಟನು ಉಪವಾಸವಿದ್ದಂತೆ ಈ ಪ್ರಕರಣವು ಉಭಯರ ಆದರಕ್ಕೂ ಹೊರಗಾಗಿ ಉಳಿದಿದೆ. ಕನ್ನಡ ಸಾಹಿತ್ಯದ ಅಧ್ಯಾಪಕರಿಗಾದರೋ ಇದು ಉಪೇಕ್ಷಣೀಯವಲ್ಲ. ಕ್ರಿ. ಶ. ೯೪೧ರಲ್ಲಿ ಪಂಪನು ತನ್ನ ಆದಿಪುರಾಣವನ್ನು ರಚಿಸುವಾಗ ಅವನ ಮುಂದಿದ್ದ ಆಕರವು ಇದೇ ಗ್ರಂಥ. ಆಕರದ ಬೆನ್ನೆಲುಬು ಯಾವದೆಂಬದನ್ನು ತಿಳಿಯದೆ ಅದರಿಂದ ಹುಟ್ಟಿದ ಕಾವ್ಯದ ಅಂಗಸೌಷ್ಠವವನ್ನು ವಿವರಿಸುವದು ಅಶಕ್ಯ.

ಈ ಪ್ರಕರಣದ ವಿಷಯದಲ್ಲಿ ಮೂರು ಪ್ರಶ್ನೆಗಳು ವಿಚಾರಾರ್ಹವಾಗಿವೆ. ಪುರಾಣಕಾವ್ಯದ ಮಧ್ಯದಲ್ಲಿ ಇದು ಸ್ವಸ್ಥಾನದಲ್ಲಿರುವದೋ, ಅಥವಾ ಮತಾಭಿಮಾನದಿಂದ ತುರುಕಿದ ಪರಕೀಯವಸ್ತುವೋ ಎಂಬದು ಮೊದಲನೆಯದು. ಈಶ್ವರಸಾಧನದಲ್ಲಿ ಧುರಂಧರರಾದ ನೈಯಾಯಿಕರ ಎದುರಿನಲ್ಲಿ ಇದರ ಯುಕ್ತಿಗಳು ಎಷ್ಟರಮಟ್ಟಿಗೆ ನಿಲ್ಲುವವೆಂಬದು ಎರಡನೆಯದು. ಇಂಥ ನಿರಾಕರಣವನ್ನು ಮಾಡಿದ ಮಾತ್ರಕ್ಕೆ ಗ್ರಂಥಕರ್ತರನ್ನು ನಾಸ್ತಿಕರೆಂದು ಕರೆಯುವ ವಾಡಿಕೆಯು ಯುಕ್ತವೋ ಎಂಬದು ಮೂರನೆಯದು.

೨

ಜಿನಸೇನರು ವೀರಸೇನಾಚಾರ್ಯರ ಶಿಷ್ಯರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನು ಅವರಲ್ಲಿ ಗುರುಭಾವವನ್ನಿಟ್ಟಿದ್ದನು. ಗುರುವು ಆರಂಭಿಸಿದ ಜಯಧವಲಾ ಟೀಕೆಯನ್ನು ಅವರು ಶಕ ೭೫೯ರಲ್ಲಿ, ಎಂದರೆ ಕ್ರಿ. ಶ. ೮೩೭ರಲ್ಲಿ, ಪೂರ್ತಿಗೊಳಿಸಿದರು. ಮಹಾಪುರಾಣವನ್ನು ಮಾತ್ರ ಮುಗಿಸುವದಕ್ಕೆ ಅವರ ಆಯುಷ್ಯವು ಸಾಲಲಿಲ್ಲ. ಆದಿಪುರಾಣದ ೪೭ ಪರ್ವಗಳಲ್ಲಿ ೪೨ ಪರ್ವಗಳೂ ೪೩ನೆಯದರ ಮೂರು ಶ್ಲೋಕಗಳೂ ಅವರವು. ಉಳಿದುದನ್ನೂ ಉತ್ತರಪುರಾಣವನ್ನೂ ಶಿಷ್ಯರಾದ ಗುಣಭದ್ರರು ಬರೆದರು. ಗ್ರಂಥದ ಕೊನೆಯ ಪ್ರಶಸ್ತಿಯು ಶಕ ೮೨೦ನ್ನೂ (ಕ್ರಿ. ಶ. ೮೯೮) ಲೋಕಾದಿತ್ಯನು ಆಳುತ್ತಿದ್ದ ಬಂಕಾಪುರವನ್ನೂ ಹೇಳುತ್ತದೆ.

ಬಂಕಾಪುರವು ಈಗಿನ ಹಾವೇರಿ ಜಿಲ್ಲೆಯಲ್ಲಿದೆ. ಉಣಕಲ್ಲಿನಿಂದ ದಕ್ಷಿಣಕ್ಕೆ ಎರಡು ದಿನದ ಕಾಲುದಾರಿ. ಹುಬ್ಬಳ್ಳಿ ಧಾರವಾಡಗಳ ನಡುವಿನ ಆ ಉಣಕಲ್ಲಿನಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಚಂದ್ರಮೌಳೀಶ್ವರ ದೇವಾಲಯವಿದೆ. ನಾಲ್ಕು ದಿಕ್ಕುಗಳಿಗೂ ದ್ವಾರಗಳನ್ನಿಟ್ಟು ರಚಿಸಿದ, ಚತುರ್ಮುಖಲಿಂಗವುಳ್ಳ ಅಪೂರ್ವಶಿಲ್ಪ ಅದು. ಜಗತ್ತಿಗೆ ಕರ್ತನಿಲ್ಲವೆಂದು ಸಾರುವ ಗ್ರಂಥದ ಪ್ರಶಸ್ತಿಯೂ ಜಗತ್ಕರ್ತನೆಂದು ಆರಾಧಿತನಾದ ಶಿವನ ನಾಲ್ಮುಖದ ಆಲಯವೂ ಎರಡು ಮೂರು ಶತಮಾನಗಳ ಅಂತರದಲ್ಲಿ ಒಂದೇ ನಾಡಿನೊಳಗೆ ಹುಟ್ಟಿದವೆಂಬದು ಗಮನಾರ್ಹವಾಗಿದೆ. ಆ ಕಾಲದ ಶೈವಮಠಗಳಲ್ಲಿ ನ್ಯಾಯಶಾಸ್ತ್ರಕ್ಕೆ ಎಷ್ಟು ಮನ್ನಣೆಯಿತ್ತೆಂಬದಕ್ಕೆ ಬಳ್ಳಿಗಾವೆಯ ಶಾಸನಗಳೇ ಪ್ರಮಾಣ. ೧೦೩೬ರ ಶಾಸನವು ಲಕುಲೀಶ್ವರಪಂಡಿತನನ್ನು ನೈಯಾಯಿಕರ ಪಕ್ಷಪಾತಿಯೆಂದೂ ಬೌದ್ಧ, ಮೀಮಾಂಸಕ, ಲೋಕಾಯತ, ಸಾಂಖ್ಯರಿಗೆ ಎದುರಾಳಿಯೆಂದೂ ಕೊಂಡಾಡುತ್ತದೆ. ೧೧೬೨ರ ಶಾಸನವು ಅಲ್ಲಿಯ ಕೋಡಿಯಮಠವನ್ನು ನ್ಯಾಯ, ವೈಶೇಷಿಕ, ಮೀಮಾಂಸಾ, ಸಾಂಖ್ಯ, ಬೌದ್ಧಾದಿ ದರ್ಶನಗಳ ವ್ಯಾಖ್ಯಾನಸ್ಥಾನವೆಂದು ವರ್ಣಿಸುತ್ತದೆ. ಆದಕಾರಣ ಈಶ್ವರವಿಚಾರವು ಕನ್ನಡನಾಡಿಗೆ ಕಾಶೀ ಮಿಥಿಲೆಗಳಿಂದ ಎರವಲು ತಂದ ಮಾತಲ್ಲ. ಇಲ್ಲಿಯ ಬಸದಿ ಮಠಗಳ ಜಗಲಿಗಳಲ್ಲಿ ನಿತ್ಯವೂ ನಡೆದ ವ್ಯವಹಾರವೇ ಆಗಿತ್ತು.

೩

ಪ್ರಕರಣದ ಸ್ಥಾನವನ್ನು ಕುರಿತು ಮೊದಲು ವಿಚಾರಿಸತಕ್ಕದ್ದು. ವೈದಿಕಪರಂಪರೆಯ ಪುರಾಣಕ್ಕೆ ಸರ್ಗ, ಪ್ರತಿಸರ್ಗ, ವಂಶ, ಮನ್ವಂತರ, ವಂಶಾನುಚರಿತ ಎಂಬ ಐದು ಲಕ್ಷಣಗಳು ಪ್ರಸಿದ್ಧವಾಗಿವೆ. ಇವುಗಳಲ್ಲಿ ಮೊದಲಿನೆರಡೂ ಸೃಷ್ಟಿಯನ್ನೇ ಆಶ್ರಯಿಸಿವೆ. ಜಿನಸೇನರು ಹೇಳುವ ಪುರಾಣದ ವಿಷಯಗಳು ಎಂಟು: ಲೋಕ, ದೇಶ, ಪುರ, ರಾಜ್ಯ, ತೀರ್ಥ, ದಾನತಪಸ್ಸುಗಳ ಜೋಡಿ, ಗತಿ ಮತ್ತು ಫಲ. ಪಂಚಲಕ್ಷಣದ ಪಟ್ಟಿಯ ತಲೆಯಲ್ಲಿ ಸರ್ಗವಿರುವೆಡೆ ಈ ಪಟ್ಟಿಯಲ್ಲಿ ಲೋಕವಿದೆ. ಸೃಷ್ಟಿಯಾಯಿತೆಂದು ಒಂದು ಪುರಾಣವು ಎಲ್ಲಿ ಹೇಳಬೇಕೋ ಅಲ್ಲಿಯೇ ಇನ್ನೊಂದು ಪುರಾಣವು ಲೋಕವು ಇದೆ, ಇದ್ದಿತು, ಇರುವದು ಎಂದು ಹೇಳಬೇಕಾಗಿದೆ. ಹಾಗೆ ಹೇಳುವವನು ಸೃಷ್ಟಿಯ ಮಾತನ್ನು ಏಕೆ ಕೈಬಿಟ್ಟನೆಂಬದಕ್ಕೆ ಕಾರಣ ಕೊಡದಿದ್ದರೆ ಶ್ರೋತೃವಿನ ಆಕಾಂಕ್ಷೆಯು ಶಾಂತವಾಗಲಾರದು. ಲೋಕವರ್ಣನದ ಹೊಸ್ತಿಲಿನಲ್ಲಿ ಕರ್ತೃನಿರಾಕರಣವು ಬಂದಿರುವದು ಇದರಿಂದಲೇ. ಮನೆ ಕಟ್ಟುವವನು ಮೊದಲು ನೆಲವನ್ನು ಹಸನುಮಾಡುವನಷ್ಟೆ. ಅದನ್ನು ಮನೆಗೆ ಸೇರದ ಕೆಲಸವೆಂದು ಯಾರೂ ಹೇಳರು.

ಇಷ್ಟೇ ಅಲ್ಲ. ಈ ಪ್ರಕರಣವು ಮುಂದಿನ ಕಥೆಯೊಡನೆಯೂ ಹೆಣೆದುಕೊಂಡಿದೆ. ಜಗತ್ತಿನ ಸ್ರಷ್ಟನನ್ನು ನಾಲ್ಕನೆಯ ಪರ್ವದಲ್ಲಿ ನಿರಾಕರಿಸಿದ ಕವಿಯೇ ಹದಿನಾರನೆಯ ಪರ್ವದಲ್ಲಿ ವೃಷಭನಾಥನನ್ನು ಪ್ರಜೆಗಳು ವಿಧಾತ, ವಿಶ್ವಕರ್ಮ, ಸ್ರಷ್ಟ ಎಂಬ ಹೆಸರುಗಳಿಂದ ಕರೆದರೆಂದು ಹೇಳುತ್ತಾನೆ. ಕಲ್ಪವೃಕ್ಷಗಳು ಕಣ್ಮರೆಯಾಗಿ ಜನರು ಹಸಿವಿನಿಂದ ಕಂಗೆಟ್ಟಾಗ ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ತೋರಿಸಿಕೊಟ್ಟದ್ದರಿಂದ ಅವನಿಗೆ ಆ ಹೆಸರುಗಳು ಸಂದವು. ಮಣ್ಣುನೀರುಗಳನ್ನು ಉಂಟುಮಾಡಿದವನು ಯಾವನೂ ಇಲ್ಲ. ಮಣ್ಣುನೀರುಗಳಿಂದ ಅನ್ನವನ್ನು ಪಡೆಯುವ ಬಗೆಯನ್ನು ಕಲಿಸಿದವನೇ ಸ್ರಷ್ಟನೆನಿಸತಕ್ಕವನು ಎಂಬದು ಇದರ ತಾತ್ಪರ್ಯ. ನಾಲ್ಕನೆಯ ಪರ್ವದಲ್ಲಿ ಒಂದು ಸಿಂಹಾಸನವನ್ನು ಬರಿದುಮಾಡಿ ಹದಿನಾರನೆಯದರಲ್ಲಿ ಅದರ ಮೇಲೆ ಮನುಷ್ಯನೊಬ್ಬನನ್ನು ಕುಳ್ಳಿರಿಸಿದಂತಾಯಿತು. ಪ್ರಕರಣವನ್ನು ಕಳೆದು ಪುರಾಣವನ್ನೋದುವವರಿಗೆ ಈ ಬಿರುದುಗಳು ಬರಿಯ ಸ್ತುತಿಯಾಗಿ ತೋರುವವು. ಕೂಡಿಸಿ ಓದುವವರಿಗೆ ಅವು ಸಿದ್ಧಾಂತದ ಫಲವಾಗಿ ತೋರುವವು. ಆದ್ದರಿಂದ ಇದು ಪರಕೀಯವಸ್ತುವೆಂಬ ಆಕ್ಷೇಪವು ನಿಲ್ಲುವದಿಲ್ಲ.

೪

ಇನ್ನು ಯುಕ್ತಿಗಳ ವಿಚಾರ. ಜಿನಸೇನರ ವಾದವು ವಿಕಲ್ಪಗಳ ಸರಪಳಿಯಾಗಿದೆ. ಸೃಷ್ಟಿಗೆ ಮುಂಚೆ ಕರ್ತನು ಎಲ್ಲಿದ್ದನು? ಆಧಾರವಿಲ್ಲದೆ ಇದ್ದನೆಂದರೆ ಈಗ ಎಲ್ಲಿರುವನು? ಉಪಾದಾನದ್ರವ್ಯವಿಲ್ಲದೆ ಸೃಜಿಸಿದನೋ, ದ್ರವ್ಯವನ್ನು ಮೊದಲು ಸೃಜಿಸಿ ಬಳಿಕ ಲೋಕವನ್ನು ಸೃಜಿಸಿದನೋ? ಎರಡನೆಯದಾದರೆ ಆ ದ್ರವ್ಯಕ್ಕೆ ಮತ್ತೊಂದು ದ್ರವ್ಯ ಬೇಕಾಗಿ ಅನವಸ್ಥೆಯು ಬರುವದು. ದ್ರವ್ಯವು ತಾನಾಗಿಯೇ ಇತ್ತೆಂದರೆ ಲೋಕವೇ ತಾನಾಗಿ ಇತ್ತೆನ್ನುವದಕ್ಕೆ ಬಾಧಕವೇನು? ಇಚ್ಛಾಮಾತ್ರದಿಂದ ಆಯಿತೆಂದರೆ ಅದು ಹೇಳುವವನ ಇಚ್ಛೆಯೇ ಹೊರತು ಪ್ರಮಾಣವಲ್ಲ. ಕರ್ತನು ಕೃತಾರ್ಥನಾಗಿದ್ದರೆ ಅವನಿಗೆ ಸೃಷ್ಟಿಯ ಬಯಕೆ ಹೇಗೆ? ಅಕೃತಾರ್ಥನಾಗಿದ್ದರೆ ಕುಂಬಾರನಿಗಿಂತ ಅವನಲ್ಲಿ ಅಧಿಕವೇನು? ಅಮೂರ್ತನೂ ನಿಷ್ಕ್ರಿಯನೂ ಆದವನು ಮೂರ್ತವಾದುದನ್ನು ಹೇಗೆ ಮಾಡಿಯಾನು? ಪ್ರಯೋಜನವಿಲ್ಲದೆ ಸ್ವಭಾವದಿಂದ ಮಾಡಿದರೆ ಆ ಕಾರ್ಯವು ನಿರರ್ಥಕ. ಕ್ರೀಡೆಯಾದರೆ ದುಃಖವನ್ನು ಹೆಚ್ಚಿಸುವ ಬಾಲಕ್ರೀಡೆ. ಕರುಣೆಯಿಂದಾದರೆ ಲೋಕವೆಲ್ಲ ಸುಖಮಯವಾಗಿರಬೇಕಿತ್ತು. ಪ್ರಾಣಿಗಳ ಕರ್ಮವನ್ನನುಸರಿಸಿ ಮಾಡಿದನೆಂದರೆ ನೂಲಿಗೆ ಅಧೀನನಾದ ನೇಕಾರನಂತೆ ಅವನು ಪರತಂತ್ರನು, ಈಶ್ವರನಲ್ಲ. ತಾನೇ ಹುಟ್ಟಿಸಿದವರನ್ನು ತಾನೇ ಕೊಲ್ಲುವದು ಪಾಪ. ದುಷ್ಟರನ್ನು ಮಾತ್ರ ಕೊಲ್ಲುವನೆಂದರೆ ಅವರನ್ನು ಹುಟ್ಟಿಸಿದ್ದೇಕೆ?

ಈ ಸರಪಳಿಯ ಬಹುಭಾಗವು ಜೈನರ ಸ್ವಂತ ಸೊತ್ತಲ್ಲವೆಂಬದನ್ನು ವಿಮರ್ಶಕರು ಮರೆಯಲಾಗದು. ಸುಮಾರು ಎರಡು ಶತಮಾನಗಳ ಮುಂಚೆ ಕುಮಾರಿಲಭಟ್ಟರು ಶ್ಲೋಕವಾರ್ತಿಕದ ಸಂಬಂಧಾಕ್ಷೇಪಪರಿಹಾರದಲ್ಲಿ ಶರೀರವಿಲ್ಲದವನಿಗೆ ಸೃಷ್ಟೀಚ್ಛೆ ಹೇಗೆಂದೂ, ಕರುಣೆಗೆ ಪಾತ್ರರಾದ ಪ್ರಾಣಿಗಳೇ ಆಗ ಇಲ್ಲದಿರುವಾಗ ಕರುಣೆಯು ಯಾರ ಮೇಲೆಂದೂ, ಕ್ರೀಡೆಯೆಂದರೆ ಕೃತಾರ್ಥತೆಗೆ ಹಾನಿಯೆಂದೂ ಕೇಳಿದ್ದಾರೆ. ವೇದಪ್ರಾಮಾಣ್ಯಕ್ಕಾಗಿ ಜನ್ಮವನ್ನೇ ಮೀಸಲಿಟ್ಟ ಮೀಮಾಂಸಕನೂ ವೇದವನ್ನೊಪ್ಪದ ಜೈನಾಚಾರ್ಯನೂ ಕರ್ತೃನಿರಾಕರಣದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿರುವರು. ಮೊದಲನೆಯವನಿಗೆ ವೇದವು ಅಪೌರುಷೇಯವಾಗಿ ಉಳಿಯಬೇಕಾಗಿದೆ. ಎರಡನೆಯವನಿಗೆ ಜೀವನ ಮುಕ್ತಿಯು ಜೀವನ ಕೈಯಲ್ಲಿಯೇ ಉಳಿಯಬೇಕಾಗಿದೆ. ಪ್ರಯೋಜನಗಳು ಬೇರೆ, ಆಯುಧಗಳು ಒಂದೇ.

ಜಿನಸೇನರಲ್ಲಿ ವಿಶಿಷ್ಟವಾದುದು ಅವರ ಸಮಾಧಾನ. ಲೋಕವು ಕಾಲದಂತೆ ಅಕೃತ್ರಿಮ, ಅನಾದಿನಿಧನ. ಜೀವಾದಿ ತತ್ತ್ವಗಳ ಆಶ್ರಯದಲ್ಲಿ ಸ್ವಭಾವದಿಂದಲೇ ನಿಂತಿದೆ. ವಿಧಿ, ಸ್ರಷ್ಟ, ವಿಧಾತ, ದೈವ, ಈಶ್ವರ ಎಂಬವೆಲ್ಲ ಕರ್ಮಕ್ಕೆ ಪರ್ಯಾಯನಾಮಗಳು. ಜನರು ಬೇಡುವ ಬೈಯುವ ದೇವರ ಹೆಸರುಗಳು ಹಾಗೆಯೇ ಉಳಿದವು. ಅವುಗಳ ಅರ್ಥವು ಮಾತ್ರ ಹೊರಗಿನ ಪ್ರಭುವಿನಿಂದ ಜೀವನ ಸ್ವಕೃತಕ್ಕೆ ತಿರುಗಿತು.

೫

ಎದುರುಪಕ್ಷದ ಪರಮೋಚ್ಚ ಗ್ರಂಥವು ಉದಯನಾಚಾರ್ಯರ ನ್ಯಾಯಕುಸುಮಾಂಜಲಿ. ಉದಯನರ ಲಕ್ಷಣಾವಲಿಯು ಶಕ ೯೦೬ರದು (ಕ್ರಿ. ಶ. ೯೮೪), ಆದ್ದರಿಂದ ಅವರು ಜಿನಸೇನರಿಗೆ ಒಂದು ಶತಮಾನಕ್ಕೂ ಹೆಚ್ಚು ಈಚಿನವರು. ಕುಸುಮಾಂಜಲಿಯು ಜಿನಸೇನರನ್ನು ಹೆಸರಿಸಿ ಬರೆದ ಉತ್ತರವಲ್ಲ. ಆದರೂ ಅದರ ಐದು ಸ್ತಬಕಗಳು ಎದುರಿಸುವ ಐದು ವಿಪ್ರತಿಪತ್ತಿಗಳಲ್ಲಿ ಈ ಬಗೆಯ ಆಕ್ಷೇಪಗಳೆಲ್ಲ ಅಡಗಿವೆ.

ಮೊದಲನೆಯ ಸ್ತಬಕವು ಚಾರ್ವಾಕನ ಎದುರು ಅದೃಷ್ಟವನ್ನು ಸಾಧಿಸುತ್ತದೆ; ಅಲ್ಲಿಯವರೆಗೆ ಜೈನನೂ ನೈಯಾಯಿಕನೂ ಸಹಪಥಿಕರು. ಮೂರನೆಯದರಲ್ಲಿ ಅನುಪಲಬ್ಧಿಯ ವಿಚಾರವಿದೆ. ಕಾಣತಕ್ಕ ವಸ್ತುವು ಕಾಣದಿದ್ದರೆ ಇಲ್ಲವೆನ್ನಬಹುದು. ಕಣ್ಣಿಗೆ ಯೋಗ್ಯವೇ ಅಲ್ಲದುದು ಕಾಣದ ಮಾತ್ರಕ್ಕೆ ಇಲ್ಲವೆನ್ನಲಾಗದು. ಇದು ಅಲ್ಲಗಳೆಯಲಾಗದ ಮಾತು. ಆತ್ಮವನ್ನೂ ಕರ್ಮವನ್ನೂ ಒಪ್ಪುವ ಜೈನನಂತೂ ಇದನ್ನು ಒಪ್ಪಲೇಬೇಕು. ಐದನೆಯ ಸ್ತಬಕದಲ್ಲಿ ಸಾಧಕಹೇತುಗಳು ಬರುವವು: ಜಗತ್ತು ಕಾರ್ಯವಾಗಿರುವದು, ಪರಮಾಣುಗಳ ಆದ್ಯಸಂಯೋಜನ, ಲೋಕದ ಧಾರಣ ಹಾಗೂ ವಿನಾಶ, ಶಬ್ದವ್ಯವಹಾರದ ಪರಂಪರೆ, ವೇದದ ಪ್ರಾಮಾಣ್ಯ, ಶ್ರುತಿ, ವಾಕ್ಯರಚನೆ, ಸಂಖ್ಯಾವಿಶೇಷ. ಇವುಗಳಲ್ಲಿ ಮೊದಲಿನೆರಡೇ ಪ್ರಕೃತಕ್ಕೆ ಮುಖ್ಯವಾದವು.

ಈ ಹೇತುಗಳ ಮುಂದೆ ಜಿನಸೇನರ ಕೆಲವು ವಿಕಲ್ಪಗಳು ಗುರಿತಪ್ಪುವವೆಂಬದನ್ನು ನಿಷ್ಪಕ್ಷಪಾತವಾಗಿ ಹೇಳಬೇಕು. ನೈಯಾಯಿಕನ ಈಶ್ವರನು ಶೂನ್ಯದಿಂದ ಸೃಜಿಸುವವನಲ್ಲ. ಪರಮಾಣುಗಳೂ ಆತ್ಮಗಳೂ ಅವನಂತೆಯೇ ನಿತ್ಯವಾದವು. ಹಾಗಾಗಿ ಉಪಾದಾನದ್ರವ್ಯದ ಅನವಸ್ಥೆಯು ಪೌರಾಣಿಕ ಕಲ್ಪನೆಗೆ ತಗುಲಬಹುದೇ ಹೊರತು ನ್ಯಾಯಮತಕ್ಕೆ ತಗುಲದು. ಸೃಷ್ಟಿಯು ಒಮ್ಮೆಯೇ ಆದುದಲ್ಲ, ಪ್ರಲಯಗಳ ನಡುವೆ ಅನಾದಿಯಾಗಿ ನಡೆದುದು. ಆದ್ದರಿಂದ ಮುಂಚೆ ಎಲ್ಲಿದ್ದನೆಂಬ ಪ್ರಶ್ನೆಯೂ ಸಡಿಲಾಗುವದು. ಕರ್ತೃತ್ವಕ್ಕೆ ಬೇಕಾದುದು ಜ್ಞಾನ, ಇಚ್ಛೆ, ಪ್ರಯತ್ನ ಎಂಬ ಮೂರೇ, ಶರೀರವಲ್ಲ. ಕರ್ಮದ ವಿಷಯದಲ್ಲಿ ಉದಯನರ ಪಕ್ಷವು ಇನ್ನೂ ಬಲವಾಗಿದೆ. ಅಚೇತನವಾದುದು ಚೇತನನ ಪ್ರೇರಣೆಯಿಲ್ಲದೆ ಪ್ರವರ್ತಿಸುವದಿಲ್ಲ. ಕೊಡಲಿಯು ಬಡಗಿಯ ಕೈಯಿಲ್ಲದೆ ಮರವನ್ನು ಕಡಿಯದು. ಕರ್ಮವು ಅಚೇತನ. ಅದು ಇಂಥವನಿಗೆ ಇಂಥ ಕಾಲದಲ್ಲಿ ಇಂಥ ಫಲವೆಂದು ಅರಿತು ಕೊಡುವದು ಹೇಗೆ? ಕುಡಿದ ಮದ್ಯವು ಅರಿವಿಲ್ಲದಿದ್ದರೂ ಅಮಲನ್ನು ಕೊಡುವಂತೆ ಕರ್ಮಪುದ್ಗಲವು ಚೇತನನಾದ ಜೀವನೊಡನೆ ಕೂಡಿ ತಾನೇ ಪಕ್ವವಾಗುವದೆಂಬದು ಜೈನರ ಉತ್ತರ. ಮದ್ಯವು ಕುಡಿದವನಿಗೆ ಅಮಲು ತರುವದು ನಿಜ. ಆದರೆ ಅದು ಕುಡಿದವನ ಯೋಗ್ಯಾಯೋಗ್ಯತೆಯನ್ನು ನೋಡಿ ತೂಗುವದಿಲ್ಲ. ಕರ್ಮವು ತೂಗಿದಂತೆ ನ್ಯಾಯವಾಗಿ ಫಲಿಸುವದೆಂದು ಜೈನನೂ ನಂಬುವನು. ಆ ತಕ್ಕಡಿಯನ್ನು ಹಿಡಿದವರಾರೆಂಬ ನೈಯಾಯಿಕನ ಪ್ರಶ್ನೆಗೆ ಮದ್ಯದ ದೃಷ್ಟಾಂತವು ಪೂರ್ಣವಾದ ಉತ್ತರವಾಗಲಾರದು.

೬

ಹಾಗಾದರೆ ಉದಯನರು ಗೆದ್ದರೆನ್ನಬಹುದೋ? ಕಾರ್ಯತ್ವಹೇತುವನ್ನು ಉಣಕಲ್ಲಿನ ದೇವಾಲಯದ ಮುಂದಿಟ್ಟು ಪರೀಕ್ಷಿಸಿದರೆ ತೊಡಕುಗಳು ಕಂಡುಬರುವವು. ದೇವಾಲಯವನ್ನು ನೋಡುವವನು ಶಿಲ್ಪಿಯನ್ನು ಕಾಣುವದಿಲ್ಲ; ಆದರೂ ಉಳಿಯ ಗುರುತುಗಳನ್ನೂ ಕಂಬಗಳ ಸಾಲನ್ನೂ ಕಂಡು ಇದನ್ನು ಕಟ್ಟಿದವರುಂಟೆಂದು ನಿಸ್ಸಂದೇಹವಾಗಿ ಊಹಿಸುವನು. ಹಾಗೆಯೇ ಭೂಭೂಧರಾದಿಗಳನ್ನು ಕಂಡು ಅವುಗಳ ಕರ್ತನನ್ನು ಊಹಿಸಬೇಕೆಂಬದು ನೈಯಾಯಿಕನ ಮಾತು.

ಇಲ್ಲಿ ಮೊದಲನೆಯ ತೊಡಕು ವ್ಯಾಪ್ತಿಯದು. ದೇವಾಲಯವನ್ನು ಕಂಡು ಶಿಲ್ಪಿಯನ್ನು ಊಹಿಸುವವನು ಹಿಂದೆ ಎಲ್ಲಿಯೋ ಶಿಲ್ಪಿಯು ಕಲ್ಲು ಕಡೆಯುವದನ್ನು ಕಂಡಿದ್ದಾನೆ. ಅದೇ ದೇವಾಲಯದ ಗೋಡೆಯ ಸಂದಿಯಲ್ಲಿ ಮೊಳೆತ ಹುಲ್ಲನ್ನು ಕಂಡು ಅವನು ಹುಲ್ಲಿನ ಶಿಲ್ಪಿಯನ್ನು ಊಹಿಸುವದಿಲ್ಲ. ಹುಲ್ಲೂ ಹುಟ್ಟಿದುದೇ, ಕಾರ್ಯವೇ; ಕರ್ತನು ಮಾತ್ರ ಕಾಣನು. ಇದು ವ್ಯಭಿಚಾರವಲ್ಲವೇ ಎಂದರೆ ನೈಯಾಯಿಕನು ಹುಲ್ಲು ಪಕ್ಷದೊಳಗೆ ಸೇರಿದೆ, ಪಕ್ಷದಲ್ಲಿ ವ್ಯಭಿಚಾರವನ್ನು ತೋರಿಸಲಾಗದು ಎನ್ನುವನು. ಶಾಸ್ತ್ರಮರ್ಯಾದೆಗೆ ಅದು ಸರಿ. ಆದರೆ ಕರ್ತನು ಕಾಣದ ಕಾರ್ಯಗಳೆಲ್ಲ ಪಕ್ಷದೊಳಗೆ ಹೋದರೆ, ಕರ್ತನು ಕಂಡ ಕಾರ್ಯಗಳು ಮಾತ್ರ ದೃಷ್ಟಾಂತದಲ್ಲಿ ಉಳಿದರೆ, ವ್ಯಾಪ್ತಿಯನ್ನು ಒರೆಗೆ ಹಚ್ಚುವ ಕಲ್ಲೇ ಇಲ್ಲವಾಗುವದು. ಎಲ್ಲ ವಿರೋಧಿಗಳನ್ನೂ ಸಭೆಯಿಂದ ಹೊರಗೆ ಕಳಿಸಿ ಸರ್ವಾನುಮತವನ್ನು ಸಾರಿದಂತೆ ಅದು.

ಎರಡನೆಯದು ಹೇತುವಿನ ಅಸಿದ್ಧಿ. ಜೈನನಿಗೆ ಜಗತ್ತು ಪರ್ಯಾಯರೂಪದಿಂದ ಕ್ಷಣಕ್ಷಣಕ್ಕೂ ಬದಲಾಗುವದಾದರೂ ದ್ರವ್ಯರೂಪದಿಂದ ನಿತ್ಯವಾದುದು. ಭಾಗಗಳು ಹುಟ್ಟುವದನ್ನು ಕಂಡು ಸಮಸ್ತವೂ ಹುಟ್ಟಿತೆನ್ನುವದಕ್ಕೆ ಪ್ರತ್ಯೇಕಪ್ರಮಾಣವು ಬೇಕು. ಈ ಸ್ಥಳದಲ್ಲಿ ಜಿನಸೇನರ ಸ್ಥಾನವು ಅಭೇದ್ಯವಾಗಿದೆ.

ಮೂರನೆಯದು ಸಾಧ್ಯದ ನ್ಯೂನತೆ. ದೇವಾಲಯವು ಒಬ್ಬನ ಕೆಲಸವಲ್ಲ. ಕಲ್ಲೊಡೆಯುವವರು, ಹೊರುವವರು, ಸ್ಥಪತಿ, ರೂಪಕಾರರು, ಹಣಕೊಟ್ಟವರು ಹೀಗೆ ಅನೇಕರ ಕೈ ಅದರಲ್ಲಿದೆ. ಅವರೆಲ್ಲರೂ ಶರೀರಿಗಳು, ಅಲ್ಪಜ್ಞರು, ಮರ್ತ್ಯರು. ದೃಷ್ಟಾಂತವನ್ನು ಪ್ರಾಮಾಣಿಕವಾಗಿ ಅನುಸರಿಸಿದರೆ ಜಗತ್ತಿಗೆ ಅಂಥ ಅನೇಕ ಕರ್ತರು ಸಿದ್ಧಿಸಬೇಕು. ಒಬ್ಬನೆಂದೂ ಸರ್ವಜ್ಞನೆಂದೂ ಸಾಧಿಸುವದಕ್ಕೆ ನೈಯಾಯಿಕನು ಲಾಘವವನ್ನು ಆಶ್ರಯಿಸುವನು. ಲಾಘವವು ಎರಡು ಊಹೆಗಳಲ್ಲಿ ಸರಳವಾದುದನ್ನು ಆರಿಸಿಕೊಡಬಲ್ಲದು, ವಸ್ತುವನ್ನು ತಂದುಕೊಡಲಾರದು.

ಯುರೋಪಖಂಡದಲ್ಲಿ ಈ ವಿಚಾರವು ಹದಿನೆಂಟನೆಯ ಶತಮಾನದಲ್ಲಿ ಇದೇ ದಾರಿಯನ್ನು ಹಿಡಿಯಿತು. ೧೭೭೯ರಲ್ಲಿ ಮರಣಾನಂತರ ಪ್ರಕಟವಾದ ಸಂವಾದಗ್ರಂಥದಲ್ಲಿ ಹ್ಯೂಮನು ಮನೆಯನ್ನೋ ಹಡಗನ್ನೋ ಅನೇಕರು ಕೂಡಿ ಕಟ್ಟುವಂತೆ ಲೋಕವನ್ನು ಅನೇಕ ದೇವತೆಗಳು ಕಟ್ಟಿರಬಾರದೇಕೆಂದು ಕೇಳಿಸಿದನು. ೧೭೮೧ರಲ್ಲಿ ಕಾಂಟನು ಈ ಅನುಮಾನದಿಂದ ಹೆಚ್ಚೆಂದರೆ ದ್ರವ್ಯಕ್ಕೆ ಅಧೀನನಾದ ಒಬ್ಬ ವಾಸ್ತುಶಿಲ್ಪಿಯು ದೊರೆಯುವನೇ ಹೊರತು ಸ್ರಷ್ಟನು ದೊರೆಯನೆಂದನು. ಜಿನಸೇನರ ನೇಕಾರನೂ ಕಾಂಟನ ವಾಸ್ತುಶಿಲ್ಪಿಯೂ ಒಂದೇ ಕುಲದವರು. ಪರಸ್ಪರ ಹೆಸರನ್ನೂ ಕೇಳದ ಎರಡು ಪರಂಪರೆಗಳು ಒಂದೇ ತೊಡಕನ್ನು ಕಂಡುವೆಂದಮೇಲೆ ಅದು ಮತದ್ವೇಷದಿಂದ ಹುಟ್ಟಿದ ತೊಡಕಲ್ಲ, ಯುಕ್ತಿಯ ಮೈಯಲ್ಲಿಯೇ ಇರುವ ತೊಡಕೆಂದು ತಿಳಿಯಬೇಕು.

೭

ಇದಕ್ಕಿಂತಲೂ ಹತ್ತಿರದ ಸಾಕ್ಷ್ಯವು ಕನ್ನಡನಾಡಿನೊಡನೆ ಸಂಬಂಧವುಳ್ಳ ವೇದಾಂತಾಚಾರ್ಯರಲ್ಲಿಯೇ ಇದೆ. ತೊಂಡನೂರು ಮೇಲುಕೋಟೆಗಳಲ್ಲಿ ನೆಲಸಿದ್ದ ರಾಮಾನುಜಾಚಾರ್ಯರು ಶ್ರೀಭಾಷ್ಯದ ಶಾಸ್ತ್ರಯೋನಿತ್ವಾಧಿಕರಣದಲ್ಲಿ ಅನುಮಾನದಿಂದ ಈಶ್ವರನು ಸಿದ್ಧಿಸುವದಿಲ್ಲವೆಂದು ವಿಸ್ತಾರವಾಗಿ ತೋರಿಸಿದ್ದಾರೆ. ಭೂಮಿ ಸಮುದ್ರಾದಿಗಳು ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದವೆಂಬದಕ್ಕೆ ಪ್ರಮಾಣವಿಲ್ಲ. ಪುಣ್ಯಾತಿಶಯವುಳ್ಳ ಅನೇಕ ಜೀವರು ಕಾಲಭೇದದಿಂದ ಮಾಡಿರಬಹುದು. ಕಂಡ ಕರ್ತರೆಲ್ಲರೂ ಶರೀರಿಗಳೇ ಎಂದು ಅವರು ಹೇಳುವ ಮಾತುಗಳನ್ನು ಪ್ರತ್ಯೇಕಿಸಿ ಓದಿದವನು ಜೈನಗ್ರಂಥವನ್ನೇ ಓದುತ್ತಿರುವೆನೆಂದು ಭ್ರಮಿಸಿಯಾನು. ಉಡುಪಿಯ ಮಧ್ವಾಚಾರ್ಯರೂ ಸ್ವತಂತ್ರವಾದ ಅನುಮಾನವು ಇಷ್ಟವನ್ನು ಸಾಧಿಸಿದಷ್ಟೇ ಸುಲಭವಾಗಿ ಅದರ ವಿರುದ್ಧವನ್ನೂ ಸಾಧಿಸಬಲ್ಲದೆಂದು ಎಚ್ಚರಿಸಿ, ಹರಿಯು ಸದಾಗಮಗಳಿಂದಲೇ ತಿಳಿಯತಕ್ಕವನೆಂದರು. ಶಂಕರರು ಕೇವಲ ನಿಮಿತ್ತಕಾರಣನಾದ ತಾರ್ಕಿಕರ ಈಶ್ವರನನ್ನು ಎರಡನೆಯ ಅಧ್ಯಾಯದಲ್ಲಿ ಖಂಡಿಸಿಯೇ ಇದ್ದಾರೆ. ಹನ್ನೆರಡನೆಯ ಶತಮಾನದ ಶಿವಶರಣರಾದರೋ ಈಶ್ವರನನ್ನು ಅನುಮಾನದ ಕೊನೆಯಲ್ಲಿ ಅಲ್ಲ, ಅನುಭಾವದ ಆದಿಯಲ್ಲಿಯೇ ಇಟ್ಟರು.

ಇದರಿಂದ ಒಂದು ವಿಚಿತ್ರಸ್ಥಿತಿಯು ಸ್ಪಷ್ಟವಾಗುವದು. ಈಶ್ವರನನ್ನು ಒಪ್ಪದ ಜಿನಸೇನರೂ ಒಪ್ಪುವ ರಾಮಾನುಜ ಮಧ್ವರೂ ಅನುಮಾನವು ಸಾಲದೆಂಬಲ್ಲಿ ಏಕಮತದವರು. ಸಾಲದೆಂಬ ಮಾತಿನಿಂದ ಇಲ್ಲವೆಂಬ ಮಾತಿಗೆ ಜಿನಸೇನರು ಹೋದರು. ಸಾಲದೆಂಬ ಮಾತಿನಿಂದ ಶಾಸ್ತ್ರಕ್ಕೆ ವೇದಾಂತಿಗಳು ಹೋದರು. ಸಾಧಕಪ್ರಮಾಣವು ಮುರಿದಮಾತ್ರಕ್ಕೆ ಬಾಧಕಪ್ರಮಾಣವು ಹುಟ್ಟುವದಿಲ್ಲ. ಜಿನಸೇನರ ಪ್ರಕರಣದಲ್ಲಿ ಈ ಎರಡು ಕೆಲಸಗಳೂ ಬೆರೆತುಕೊಂಡಿವೆ. ಅವುಗಳನ್ನು ಬೇರ್ಪಡಿಸುವದು ವಿಮರ್ಶಕನ ಕರ್ತವ್ಯ.

ಬಾಧಕವೆನಿಸತಕ್ಕ ಯುಕ್ತಿಯು ಅವರಲ್ಲಿ ಒಂದೇ: ದುಃಖದ್ದು. ಕರುಣಾಳುವೂ ಸರ್ವಶಕ್ತನೂ ಆದವನ ಲೋಕದಲ್ಲಿ ದುಃಖವೇಕೆ? ಬಾದರಾಯಣಸೂತ್ರದ ವೈಷಮ್ಯನೈರ್ಘೃಣ್ಯಾಧಿಕರಣವು ಈ ಪ್ರಶ್ನೆಗಾಗಿಯೇ ಹುಟ್ಟಿದುದು. ಮಳೆಯು ಎಲ್ಲ ಬೀಜಗಳಿಗೂ ಸಮಾನಕಾರಣ. ನೆಲ್ಲು ನೆಲ್ಲಾಗುವದೂ ಯವೆ ಯವೆಯಾಗುವದೂ ಬೀಜದ ಗುಣ. ಹಾಗೆಯೇ ಈಶ್ವರನು ಸಾಧಾರಣಕಾರಣ, ವಿಷಮತೆಯು ಜೀವರ ಕರ್ಮದ್ದು ಎಂಬದು ಶಂಕರರ ಪರಿಹಾರ. ಜಿನಸೇನರ ನೇಕಾರನು ಇಲ್ಲಿ ಮತ್ತೆ ಅಡ್ಡಬರುವನು: ಕರ್ಮವನ್ನು ಮೀರಲಾರದವನು ಸ್ವತಂತ್ರನೆಂತು? ಭೃತ್ಯರ ಸೇವೆಗೆ ತಕ್ಕಂತೆ ವೇತನವನ್ನು ಕೊಡುವ ಅರಸನು ಅದರಿಂದ ಪರತಂತ್ರನಾಗನೆಂದು ಈಶ್ವರವಾದಿಯು ಹೇಳಬಹುದು. ನಿಯಮವು ತನ್ನದೇ ಆದಲ್ಲಿ ನಿಯಮಪಾಲನವು ದಾಸ್ಯವಲ್ಲ. ಆದರೆ ಆ ಅರಸನು ಭೃತ್ಯರನ್ನು ನೋಯದಂತೆ ತಿದ್ದಲೂ ಬಲ್ಲವನಾಗಿದ್ದು ತಿದ್ದಲಿಲ್ಲವೆಂದರೆ ಕರುಣೆಯ ಪ್ರಶ್ನೆಯು ಉಳಿದೇ ಉಳಿಯುವದು. ಜೈನಮತದಲ್ಲಿ ದೂರಿಕೊಳ್ಳು‍ವದಕ್ಕೆ ಹೊರಗೆ ಯಾರೂ ಇಲ್ಲ. ಅಂತೆಯೇ ಮೊರೆಯಿಡುವದಕ್ಕೂ ಹೊರಗೆ ಯಾರೂ ಇಲ್ಲ. ಆ ಮತದ ಧೈರ್ಯವೂ ಅದರ ಕಾಠಿಣ್ಯವೂ ಇದೊಂದೇ ಮಾತಿನಲ್ಲಿವೆ. ಮಕ್ಕಳನ್ನು ಕಳೆದುಕೊಂಡ ತಾಯಿಗೆ ಎರಡು ಉತ್ತರಗಳಲ್ಲಿ ಯಾವದು ಲೇಸೆಂಬದನ್ನು ತರ್ಕವು ನಿರ್ಣಯಿಸಲಾರದು.

೮

ಕೊನೆಯದಾಗಿ ನಾಸ್ತಿಕಶಬ್ದದ ವಿಚಾರ. ಈಶ್ವರನನ್ನು ಒಪ್ಪುವವನು ಆಸ್ತಿಕ, ಒಪ್ಪದವನು ನಾಸ್ತಿಕ ಎಂಬ ವಿಭಾಗವು ಪಾಠ್ಯಗ್ರಂಥಗಳಲ್ಲಿಯೂ ಸಾಹಿತ್ಯಚರಿತ್ರೆಗಳಲ್ಲಿಯೂ ನುಸುಳಿಕೊಂಡಿದೆ. ಪಾಣಿನಿಯು ನಾಲ್ಕನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಈ ಶಬ್ದಗಳನ್ನು ಸಾಧಿಸಿದ ಸೂತ್ರಕ್ಕೆ ವ್ಯಾಖ್ಯಾನಕಾರರು ಪರಲೋಕವುಂಟೆಂಬ ಮತಿಯುಳ್ಳವನು ಆಸ್ತಿಕನೆಂದು ಅರ್ಥ ಹೇಳಿದರು. ಮನುಸ್ಮೃತಿಯು ವೇದನಿಂದಕನನ್ನು ನಾಸ್ತಿಕನೆಂದಿತು. ಎರಡರಲ್ಲಿಯೂ ಈಶ್ವರನ ಮಾತಿಲ್ಲ. ಈಶ್ವರಾಂಗೀಕಾರವೇ ಒರೆಗಲ್ಲಾದರೆ ಕುಮಾರಿಲರೂ ನಿರೀಶ್ವರಸಾಂಖ್ಯರೂ ನಾಸ್ತಿಕರ ಸಾಲಿಗೆ ಹೋಗುವರು. ಪರಲೋಕವೇ ಒರೆಗಲ್ಲಾದರೆ ಜಿನಸೇನರು ಆಸ್ತಿಕರ ಸಾಲಿಗೆ ಬರುವರು. ಅವರ ಪುರಾಣದಲ್ಲಿಯೇ ಐದನೆಯ ಪರ್ವದ ಮಹಾಬಲರಾಜನ ಆಸ್ಥಾನದಲ್ಲಿ ಪರಲೋಕವನ್ನು ಅಲ್ಲಗಳೆಯುವ ಮಂತ್ರಿಯ ವಾದವನ್ನು ಸ್ವಯಂಬುದ್ಧನು ಖಂಡಿಸುವನು. ಪಂಪನ ಕಾವ್ಯದಲ್ಲಿಯೂ ಆ ನಾಲ್ವರು ಮಂತ್ರಿಗಳು ಬರುವರು. ನಾಲ್ಕನೆಯ ಪರ್ವದಲ್ಲಿ ಈಶ್ವರವಾದಿಯನ್ನೂ ಐದನೆಯದರಲ್ಲಿ ಲೋಕಾಯತನನ್ನೂ ಎದುರಿಸಿದ ಕವಿಯನ್ನು ಒಂದೇ ಶಬ್ದದಿಂದ ಎರಡನೆಯವನ ಜೊತೆಗೆ ಕಟ್ಟುವದು ಅನ್ಯಾಯ. ಅಧ್ಯಾಪಕರು ನಿರೀಶ್ವರ, ಅವೈದಿಕ, ಲೋಕಾಯತ ಎಂಬ ಮೂರು ಶಬ್ದಗಳನ್ನು ಬೇರೆ ಬೇರೆಯಾಗಿ ಉಪಯೋಗಿಸಿದರೆ ವಿದ್ಯಾರ್ಥಿಗಳ ಅರ್ಧಭ್ರಾಂತಿಯು ಕಳೆಯುವದು.

ಕುಸುಮಾಂಜಲಿಯನ್ನು ಪೂರ್ವಪಕ್ಷಿಯ ಗ್ರಂಥವನ್ನು ನೋಡದೆ ಪಾಠ ಹೇಳುವದೂ, ಆದಿಪುರಾಣವನ್ನು ಉದಯನರ ಉತ್ತರವನ್ನು ಕೇಳದೆ ಪಾರಾಯಣ ಮಾಡುವದೂ ಒಂದೇ ಕೈಯಿಂದ ಚಪ್ಪಾಳೆ ಹೊಡೆಯುವ ಪ್ರಯತ್ನ. ಉದಯನರು ಹಾಗೆ ಮಾಡಿದವರಲ್ಲ. ಗ್ರಂಥಾರಂಭದಲ್ಲಿ ಅವರು ದಿಗಂಬರರು ನಿರಾವರಣನೆಂದೂ ಮೀಮಾಂಸಕರು ಉಪಾಸ್ಯವಾಗಿ ವಿಧಿಸಲ್ಪಟ್ಟವನೆಂದೂ ಶಿಲ್ಪಿಗಳು ವಿಶ್ವಕರ್ಮನೆಂದೂ ಆರಾಧಿಸುವವನ ವಿಷಯದಲ್ಲಿ ಸಂದೇಹವೆಲ್ಲಿ ಎಂದು ಕೇಳಿಕೊಂಡು, ಸಂದೇಹವಿಲ್ಲದಿದ್ದರೂ ಈ ನ್ಯಾಯಚರ್ಚೆಯನ್ನು ಶ್ರವಣದ ಬಳಿಕ ಬರುವ ಮನನರೂಪದ ಉಪಾಸನೆಯೆಂದು ಸಮರ್ಥಿಸುತ್ತಾರೆ. ಎಂದರೆ ಯುಕ್ತಿಯಿಂದ ಈಶ್ವರನು ಹೊಸದಾಗಿ ದೊರೆಯುವನೆಂಬದಕ್ಕಿಂತ ದೊರೆತವನನ್ನು ಯುಕ್ತಿಯಿಂದ ಭಾವಿಸುವದೇ ಅವರಿಗೆ ಮುಖ್ಯ. ಹಾಗೆ ನೋಡಿದರೆ ಅನುಮಾನದ ಸೋಲು ಅವರ ಗ್ರಂಥದ ಸೋಲಾಗುವದಿಲ್ಲ. ಗ್ರಂಥದ ಕೊನೆಯಲ್ಲಿ ಅವರು, ಇಷ್ಟು ಹೇಳಿದರೂ ಒಪ್ಪದ ಕಲ್ಲೆದೆಯವರೂ ವಿರೋಧಮುಖದಿಂದ ನಿನ್ನನ್ನೇ ಗಾಢವಾಗಿ ಚಿಂತಿಸಿದವರಾದ್ದರಿಂದ ಕಾಲಾಂತರದಲ್ಲಿ ಅವರನ್ನೂ ನೀನೇ ಉದ್ಧರಿಸಬೇಕೆಂದು ಈಶ್ವರನನ್ನು ಬೇಡುವರು. ಜಿನಸೇನರಿಗೆ ಆ ಉದ್ಧಾರವು ಬೇಕಾಗಿರಲಿಲ್ಲ. ಆದರೆ ತಮ್ಮ ನಿರಾಕರಣದಲ್ಲಿ ಅವರಿಟ್ಟ ಶ್ರಮವನ್ನು ಎದುರಾಳಿಯೊಬ್ಬನು ಚಿಂತನವೆಂದು ಗೌರವಿಸಿದನೆಂಬದು ಸಾಹಿತ್ಯವಿಮರ್ಶೆಗೆ ಒಂದು ಮೇಲ್ಪಂಕ್ತಿಯಾಗತಕ್ಕದ್ದು. ಆದಿಪುರಾಣದ ಈ ಪ್ರಕರಣವನ್ನು ಬಿಟ್ಟುಬಿಡುವ ಆಸ್ತಿಕನೂ, ಇದೊಂದನ್ನೇ ಕತ್ತರಿಸಿ ಹಿಡಿದುಕೊಳ್ಳುವ ನಾಸ್ತಿಕನೂ ಆ ಗೌರವವನ್ನು ಸಲ್ಲಿಸಿದಂತಾಗುವದಿಲ್ಲ. ಅದನ್ನು ಅದರ ಸ್ಥಾನದಲ್ಲಿಟ್ಟು, ಅದರ ಎದುರುಪಕ್ಷದೊಡನೆ, ಹದಿನಾರನೆಯ ಪರ್ವದವರೆಗೆ ಓದಿಸುವದೇ ವಿಹಿತವಾದ ಕ್ರಮ.